ಎರಡು ಬ್ಯಾಟರಿ, ನಾಲ್ಕು ಕುಂಕುಮ

ತೊಂದರೆ ಶುರುವಾದದ್ದು ಒಂದು ಚಿಟಿಕೆ ಕುಂಕುಮದಿಂದ. ಇಟ್ಟವರ ಮನಸ್ಸಿನಲ್ಲಿ ಭಕ್ತಿ ಬಿಟ್ಟು ಬೇರೇನೂ ಇರಲಿಲ್ಲ. ಇಡಿಸಿಕೊಂಡದ್ದು ಮಾತ್ರ ಬ್ಯಾಟರಿ.

ಮಧುಗಿರಿಯ ಶಂಕರಲಿಂಗಪ್ಪನವರ ಕಡಲೆಕಾಯಿ ಎಣ್ಣೆ ಮಿಲ್ಲಿಗೂ ಅದರ ಪಕ್ಕದಲ್ಲಿದ್ದ ಅವರ ಮನೆಗೂ ಕರೆಂಟು ಬಂದು ಎರಡು ವರ್ಷವಾಗಿತ್ತು. ಹಗಲೆಲ್ಲ ಸುಖವಾಗಿ ಇದ್ದು, ಸರಿಯಾಗಿ ಊರವರು ದೀಪ ಹಾಕುವ ಹೊತ್ತಿಗೆ ಎದ್ದು ಹೋಗುವುದು ಆ ಕರೆಂಟಿನ ಪದ್ಧತಿ. ಇಷ್ಟು ದುಡ್ಡು ಸುರಿದೂ ಬುಡ್ಡಿದೀಪ ಹಚ್ಚುವುದೇ ಎಂದು ಶಂಕರಲಿಂಗಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಂಗಳೂರಿನಿಂದ ಬಸ್ಸಿಗೆ ಹಾಕುವಂಥ ಎರಡು ಬ್ಯಾಟರಿ ತರಿಸಿ, ನಡುಮನೆಯಲ್ಲಿ ಒಂದು ಬಲ್ಬು ತೂಗುಹಾಕಿಸಿದರು. ಕರೆಂಟು ಹೋದರೆ ಇದು ಉರಿಯಬೇಕು. ಅದರ ಉಸ್ತುವಾರಿ ಮಿಲ್ಲಿನ ಗುಮಾಸ್ತ ಅಡವಯ್ಯನದು.

ಬ್ಯಾಟರಿ ಮಾರಿದವನು ಹೇಳಿಕೊಟ್ಟದ್ದನ್ನೆಲ್ಲ ಅಡವಯ್ಯ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಒಂದೊಂದು ಬ್ಯಾಟರಿಯ ತಲೆಯ ಮೇಲೂ ಎರಡೆರಡು ಸೀಸದ ಗುಬುಟು. ಕೆಂಪು ಬಣ್ಣ ಬಳಿದದ್ದು ಪ್ಲಸ್ಸು, ಬೋಳಾಗಿರುವುದು ಮೈನಸ್ಸು. ಈ ಬ್ಯಾಟರಿಯ ಪ್ಲಸ್ಸಿಗೆ ಆ ಬ್ಯಾಟರಿಯ ಮೈನಸ್ಸು ಸೇರಿಸಬೇಕು, ಉಳಿದ ಎರಡರಿಂದ ಬಲ್ಬಿಗೆ ತಂತಿ ಎಳೆಯಬೇಕು. ಕೈಯಲ್ಲಿ ಉಂಗುರ ಇರಬಾರದು. ಹತ್ತಿರ ಬೆಂಕಿ ತರಬಾರದು. ಇಷ್ಟು ನೆನಪಿಟ್ಟುಕೊಂಡರೆ ಮಗು ಕೂಡ ಮಾಡಬಹುದು ಎಂದಿದ್ದ ಆ ಪುಣ್ಯಾತ್ಮ. ಆಯುಧಪೂಜೆ ಎಂಬುದೊಂದು ಹಬ್ಬವಿದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಆ ದಿನ ಮಹಾನವಮಿ. ಅಂದು ಸಂಜೆಯೇ ಸಿರಾ ಕಡೆಯವರು ಅಡವಯ್ಯನನ್ನು ನೋಡಲು ಯಜಮಾನರ ಮನೆಗೇ ಬರುವವರಿದ್ದರು. ಹಬ್ಬಕ್ಕೆಂದು ಮಧುಗಿರಿಯ ನೆಂಟರ ಮನೆಗೆ ಹೇಗೂ ಬಂದಿದ್ದಾರೆ, ಹಾಗೇ ಹುಡುಗನನ್ನೂ ಒಂದು ಕಣ್ಣು ನೋಡಿಬಿಡಲಿ ಎಂದು ಮದುವೆ ದಲ್ಲಾಳಿ ನಾಗಲಿಂಗಯ್ಯ ಏರ್ಪಾಡು ಮಾಡಿದ್ದ. ಅಡವಯ್ಯನಿಗೆ ಅಪ್ಪ ಅಮ್ಮ ಇರಲಿಲ್ಲ. ಇಬ್ಬರು ತಂಗಿಯರಿಗೆ ಗಂಡು ಹುಡುಕಿ, ಮದುವೆ ಮಾಡಿ, ಬಾಣಂತನ ಮುಗಿಸಿ ಕಳಿಸುವಷ್ಟರಲ್ಲಿ ಅವನ ಸರದಿ ಹಿಂದೆ ಬಿದ್ದಿತ್ತು. ಮಿಲ್ಲಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಅಡುಗೆ ಮಾಡಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಆ ಒಂಟಿತನ ಅವನಿಗೆ ಸಾಕಾಗಿತ್ತು. ಸಂತೆಗೆ ಹೋದಾಗ ಯಾಕೋ ಮನಸ್ಸಾಗಿ ಎರಡು ಊಟದ ತಟ್ಟೆ, ಒಂದು ಈಳಿಗೆಮಣೆ ತಂದಿಟ್ಟುಕೊಂಡಿದ್ದ, ಪಾಪ.

ಹಿಂದೆ ಕೊರಟಗೆರೆಯವರು ಬಂದಿದ್ದರು. ಬಂದಾಗ ಕರೆಂಟು ಹೋಗಿತ್ತು. ಮಾತೆಲ್ಲ ಚೆನ್ನಾಗಿ ನಡೆದು, ಇನ್ನೇನು ವೀಳ್ಯ ಹಿಡಿಯಬೇಕು ಅನ್ನುವಾಗ ಕರೆಂಟು ಬಂತು. ಅವರು ಮುಖ ಮುಖ ನೋಡಿಕೊಂಡು, ‘ಕತ್ತಲಲ್ಲಿ ಶುರುವಾದ ಮಾತು, ಶಕುನ ಸರಿಯಿಲ್ಲ’ ಎಂದು ಎದ್ದುಹೋದರು. ಅಂದೇ ಅಡವಯ್ಯ ತೀರ್ಮಾನ ಮಾಡಿದ್ದ, ಇನ್ನೊಂದು ಸಲ ಯಾರಾದರೂ ಬಂದರೆ ಮನೆಯಲ್ಲಿ ಒಂದು ಗಳಿಗೆಯೂ ಕತ್ತಲಿರಕೂಡದು ಎಂದು.

ಬೆಳಿಗ್ಗೆ ಯಜಮಾನರ ಮನೆಗೆ ಬಂದು ನೋಡುತ್ತಾನೆ, ಮೆಟ್ಟಿಲ ಕೆಳಗಿದ್ದ ಬ್ಯಾಟರಿಗಳು ನಡುಮನೆಯ ಮೂಲೆಯಲ್ಲಿ ತಕ್ಕಡಿ, ಕುಡುಗೋಲು, ಹೊಲಿಗೆ ಮಿಷನ್ನುಗಳ ಪಕ್ಕದಲ್ಲಿ ಸಾಲಾಗಿ ಕೂತಿವೆ. ತಂತಿಗಳನ್ನು ಹಿಂದಿನ ದಿನ ಅವನೇ ಬಿಚ್ಚಿಕೊಟ್ಟಿದ್ದ. ಈಗ ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ಮಾಲೆ, ನಾಲ್ಕು ಗುಬುಟಿಗೂ ಎಣ್ಣೆಯಲ್ಲಿ ಕಲಸಿದ ದುಂಡನೆಯ ಕುಂಕುಮ. ಶಂಕರಲಿಂಗಪ್ಪನವರ ಹೆಂಡತಿ ದಾಕ್ಷಾಯಣಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು.

“ಅಮ್ಮಾವ್ರೇ, ಆ ಕೆಂಪು ಗುರುತು ಎಲ್ಲೋಯ್ತು?” ಅಡವಯ್ಯ ಬಗ್ಗಿ ನೋಡಿ ಕೇಳಿದ.

“ಎಲ್ಲಿಗೋಗ್ತದೆ, ಕುಂಕುಮದ ಕೆಳಗೇ ಐತೆ. ಯಾರೋ ಒಂದಕ್ಕೆ ಕೆಂಪು ಹಚ್ಚಿ ಇನ್ನೊಂದನ್ನ ಬೋಳಾಗಿ ಬುಟ್ಟಿದ್ರು. ದೇವ್ರ ಮುಂದೆ ಇಟ್ಮೇಲೆ ಅಂಗೆ ಭೇದ ಮಾಡಬೌದೇನಪ್ಪ? ನಾಲ್ಕಕ್ಕೂ ಸಮ ಇಟ್ಟೆ.”

ಇಷ್ಟು ಹೇಳಿ ಅವರು ಕರ್ಪೂರದ ಆರತಿಯನ್ನು ಬ್ಯಾಟರಿಯ ತಲೆಯ ಮೇಲೆ ಸುತ್ತಿದರು. ಅಡವಯ್ಯ “ಬೆಂಕಿ ಬ್ಯಾಡಿ!” ಎಂದು ಹಾರಿ ಬರುವಷ್ಟರಲ್ಲಿ ‘ಢಬ್’ ಎಂದಿತು. ಹಿಂದಿನ ದಿನವಷ್ಟೇ ಬಸ್ಸಿನ ಶೆಡ್ಡಿನಲ್ಲಿ ಚಾರ್ಜು ಮಾಡಿಸಿ ತಂದ ಬ್ಯಾಟರಿ, ಅದರ ಹೊಟ್ಟೆಯ ಗಾಳಿಗೆ ಬೆಂಕಿ ಸೋಕಿದರೆ ಸುಮ್ಮನಿರುತ್ತದೆಯೆ? ಒಂದು ಬಿರಡೆ ಹಾರಿ ಸೂರಿಗೆ ಬಡಿದು ತೆಂಗಿನಕಾಯಿ ಬುಟ್ಟಿಗೆ ಬಿತ್ತು. ನಾಲ್ಕು ಹನಿ ಆಸಿಡ್ ಅಡವಯ್ಯನ ಮೇಲೆ ಸಿಡಿಯಿತು. ದೇವರ ದಯೆ, ಯಾರ ಕಣ್ಣಿಗೂ ಬೀಳಲಿಲ್ಲ.

ದಾಕ್ಷಾಯಣಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. “ನೋಡಿದ್ರಾ, ಪೂಜೆ ಒಪ್ಪಿಸ್ಕೊಂಡ್ಬುಡ್ತು!”

ಸಂಜೆಗೆಂದು ಉಟ್ಟು ಬಂದಿದ್ದ ಜರಿಯಂಚಿನ ಪಂಚೆ, ತೊಟ್ಟಿದ್ದ ಕೋಟು ಎರಡರಲ್ಲೂ ನೋಡನೋಡುತ್ತ ಹೆಸರುಕಾಳಿನಷ್ಟು ತೂತು ಬಿದ್ದವು, ಆಮೇಲೆ ಅವರೆಕಾಳಿನಷ್ಟಾದವು. ಅಡವಯ್ಯ ಅದನ್ನು ಆಮೇಲೆ ಅತ್ತುಕೊಳ್ಳೋಣವೆಂದು ಬಿಟ್ಟು, ಕೈಮುಗಿದು ಕೇಳಿದ. “ಅಮ್ಮಾವ್ರೇ, ಒಂದೇ ಒಂದು ಕುಂಕುಮ ಒರೆಸಿ ನೋಡ್ಲಾ?”

“ಬಿಡ್ತು ಅನ್ನು! ಮುತ್ತೈದೆ ಇರೋ ಮನೇಲಿ, ಹಬ್ಬದ ದಿನ, ಕುಂಕುಮ ಒರೆಸೋ ಮಾತಾಡ್ತೀಯಾ? ಯಜಮಾನ್ರು ಚೆನ್ನಾಗಿರೋದು ಬ್ಯಾಡ್ವಾ ನಿಂಗೆ?”

“ಬಿಡ್ತು, ಬಿಡ್ತು. ಹೋಗ್ಲಿ, ಮೆಟ್ಲ ಕೆಳಗಾದ್ರೂ ತಗಂಡೋಗ್ಲಾ?”

“ಪೂಜೆ ಆದ ಆಯುಧ ನಾಳೆ ಗಂಟ ಎತ್ತಂಗಿಲ್ಲ ಕಣಪ್ಪ. ಅಷ್ಟೂ ಗೊತ್ತಿಲ್ವಾ?”

ಅಷ್ಟು ಹೇಳಿ ಅವರು ಅಲ್ಲೇ ಮಣೆ ಹಾಕಿಕೊಂಡು ಹೂ ಕಟ್ಟುತ್ತ ಕೂತರು. ಕದ್ದು ಒರೆಸುವ ಆಸೆಯೂ ಹೋಯಿತು. ಶಂಕರಲಿಂಗಪ್ಪನವರನ್ನು ಕೇಳಿದರೆ, ಮಿಲ್ಲಿನಲ್ಲಿ ಹುಲಿಯಾದ ಆ ಮಹರಾಯರು “ಒಳಗಿನ ವಿಚಾರಕ್ಕೆ ನನ್ನ ಕರೀಬ್ಯಾಡ ಮಾರಾಯ” ಎಂದು ಜಗಲಿಗೆ ಹೋದರು. ಕೊನೆಗೆ ಅಡವಯ್ಯನೇ ಒಂದು ದಾರಿ ಕಂಡುಕೊಂಡ. ಬ್ಯಾಟರಿಯನ್ನು ಎತ್ತುವ ಹಾಗಿಲ್ಲ ತಾನೆ? ಎತ್ತುವುದು ಬೇಡ. ತಂತಿಯನ್ನೇ ಬ್ಯಾಟರಿಯ ಹತ್ತಿರ ತಂದರಾಯಿತು. ದಾಕ್ಷಾಯಣಮ್ಮ ಬಹಳ ಯೋಚಿಸಿ, ತಂತಿಗೂ ಎರಡು ಅಕ್ಷತೆ ಹಾಕಿ ಒಪ್ಪಿದರು.

ಅಷ್ಟರಲ್ಲಿ ಪಕ್ಕದ ಮನೆಯ ಬೊಮ್ಮಪ್ಪ ಬಂದ. ಒಂದು ಕಾಲದಲ್ಲಿ ಸಿರಾ ಬಸ್ಸಿನಲ್ಲಿ ಕ್ಲೀನರಾಗಿದ್ದವನು. ಬಸ್ಸು ತೊಳೆದದ್ದು ಬಿಟ್ಟು ಬೇರೇನೂ ಮಾಡಿದವನಲ್ಲ, ಆದರೆ ಬ್ಯಾಟರಿಯ ಮಾತು ಬಂದರೆ ಅವನೇ ಕಂಡುಹಿಡಿದವನ ಹಾಗೆ ಆಡುತ್ತಿದ್ದ.

“ಯಾವ್ದು ಯಾವ್ದೋ ಗೊತ್ತಾಗ್ತಿಲ್ಲ ಬೊಮ್ಮಪ್ಪಣ್ಣ,” ಎಂದು ಅಡವಯ್ಯ ಗೋಳು ಹೇಳಿಕೊಂಡ.

“ಅದ್ಕ್ಯಾಕೆ ತಲೆ ಕೆಡಿಸ್ಕಂತೀಯಾ? ಯಾವ್ದನ್ನಾದ್ರೂ ಯಾವ್ದಕ್ಕಾದ್ರೂ ಹಾಕು. ತಪ್ಪಾದ್ರೆ ಅದೇ ಹೇಳ್ತದೆ.”

ಅಡವಯ್ಯ ಧೈರ್ಯ ಮಾಡಿ ಒಂದಕ್ಕೊಂದು ಸೇರಿಸಿದ. ಬಲ್ಬು ಮಿಣುಕಲೂ ಇಲ್ಲ. ಪ್ಲಸ್ಸಿಗೆ ಪ್ಲಸ್ಸೇ ಎದುರಾಗಿ, ಒಂದೇ ಬಾಗಿಲಲ್ಲಿ ಎದುರುಬದರು ಸಿಕ್ಕಿಕೊಂಡ ಇಬ್ಬರು ದಪ್ಪ ಆಸಾಮಿಗಳ ಹಾಗೆ ಎರಡು ಬ್ಯಾಟರಿಯೂ ಅಲ್ಲಲ್ಲೇ ನಿಂತುಬಿಟ್ಟಿದ್ದವು. “ಬಿಚ್ಚಿ ತಿರುಗಿಸು” ಎಂದ ಬೊಮ್ಮಪ್ಪ. ಅಡವಯ್ಯ ಸ್ಪ್ಯಾನರು ಹಿಡಿದು ಬಗ್ಗಿದ. ನೆಂಟರು ಬರುತ್ತಾರೆಂದು ಬೆಳಿಗ್ಗೆಯೇ ಬೆಳ್ಳಿ ಉಂಗುರ ಹಾಕಿಕೊಂಡದ್ದು ಮರೆತೇಹೋಗಿತ್ತು. ಸ್ಪ್ಯಾನರಿನ ಬಾಲ ಒಂದು ಗುಬುಟಿಗೆ ತಗುಲಿತು, ಉಂಗುರ ಇನ್ನೊಂದಕ್ಕೆ ತಗುಲಿತು. ಚಟಾರನೆ ಕಿಡಿ ಹಾರಿ ಉಂಗುರ ಕೆಂಡವಾಯಿತು.

“ಅಯ್ಯಯ್ಯಪ್ಪೋ!” ಅಡವಯ್ಯ ಅಡುಗೆಮನೆಗೆ ಓಡಿ, ಕೈಗೆ ಸಿಕ್ಕಿದ ಮಜ್ಜಿಗೆ ಕೊಳಗದಲ್ಲಿ ಮೊಣಕೈವರೆಗೂ ಮುಳುಗಿಸಿ ನಿಂತ.

“ನಾನ್ ಹೇಳ್ಲಿಲ್ವಾ?” ಎಂದ ಬೊಮ್ಮಪ್ಪ ಸಮಾಧಾನವಾಗಿ. “ತಪ್ಪಾದ್ರೆ ಅದೇ ಹೇಳ್ತದೆ ಅಂತ.”

ಮಜ್ಜಿಗೆ ತಂಪಿಗೋ ಏನೋ, ಅಲ್ಲಿ ನಿಂತಾಗ ಅಡವಯ್ಯನಿಗೆ ಬ್ಯಾಟರಿ ಮಾರಿದವನ ಕೊನೆಯ ಮಾತು ನೆನಪಾಯಿತು. ಗುರುತು ಅಳಿಸಿಹೋದರೆ ಹೆದರಬೇಡ, ಗಾಜಿನ ಲೋಟದಲ್ಲಿ ಉಪ್ಪುನೀರು ತೆಗೆದುಕೋ, ಬ್ಯಾಟರಿಯ ಎರಡು ಕಡೆಯಿಂದಲೂ ತಂತಿ ತಂದು ಒಂದಕ್ಕೊಂದು ತಾಗದಂತೆ ಅದರಲ್ಲಿ ಅದ್ದು. ಯಾವುದರಲ್ಲಿ ಗುಳ್ಳೆ ಹೆಚ್ಚಾಗಿ ಏಳುತ್ತದೋ ಅದು ಮೈನಸ್ಸು. ಇಷ್ಟು ಸುಲಭ! ಉಂಗುರ ಕಿತ್ತು ಜೇಬಿಗೆ ಹಾಕಿಕೊಂಡು, ಲೋಟದ ತುಂಬ ಉಪ್ಪುನೀರು ಕಲಸಿ ಬ್ಯಾಟರಿಯ ಮುಂದಿಟ್ಟು, ತುಂಡು ತಂತಿ ಹುಡುಕಲು ಮಿಲ್ಲಿಗೆ ಓಡಿದ.

ತಿರುಗಿ ಬಂದರೆ ಲೋಟ ಖಾಲಿ. ಎದುರುಮನೆ ಕೆಂಚಮ್ಮ ಮುಖ ಕಿವುಚಿಕೊಂಡು ನಿಂತಿದ್ದಳು. ತಾಂಬೂಲಕ್ಕೆ ಬಂದವಳು, ಮಾಲೆ ಹಾಕಿದ ದೇವರ ಮುಂದೆ ಲೋಟ ಕಂಡು ತೀರ್ಥವೆಂದು ಕುಡಿದುಬಿಟ್ಟಿದ್ದಳು.

“ಯಾವ ಕ್ಷೇತ್ರದ್ದು ದಾಕ್ಷಾಯಣಮ್ಮಾರೇ? ಏನು ಉಪ್ಪು!”

ಹಬ್ಬದ ದಿನ ಬಂದ ಮುತ್ತೈದೆಗೆ ಬ್ಯಾಟರಿ ನೀರು ಕುಡಿಸಿದೆವೆಂದು ಹೇಳಿಕೊಳ್ಳಲು ದಾಕ್ಷಾಯಣಮ್ಮನಿಗೆ ನಾಲಿಗೆ ಬರಲಿಲ್ಲ. “ರಾಮೇಶ್ವರದ್ದು ಕಣಮ್ಮ. ಸಮುದ್ರದ್ದು,” ಎಂದರು.

“ಅಂಗಾದ್ರೆ ನಮ್ಮನೆಯವ್ರಿಗೂ ಒಂದು ಚೊಂಬು ಕೊಡಿ,” ಎಂದು ಕೆಂಚಮ್ಮ ಸೆರಗೊಡ್ಡಿದಳು. ಅಡವಯ್ಯ ಇನ್ನೊಂದು ಚೊಂಬು ರಾಮೇಶ್ವರ ಕಲಸಿಕೊಟ್ಟು ಅವಳನ್ನು ಸಾಗಹಾಕಿದ.

ಮೂರನೆಯ ಸಲ ಉಪ್ಪುನೀರು ಕಲಸಿ ತಂತಿ ಅದ್ದಿದಾಗ, ಒಂದು ತುದಿಯಲ್ಲಿ ಗುಳ್ಳೆಗಳು ಸೋಡಾ ಬಾಟ್ಲಿಯ ಹಾಗೆ ಎದ್ದವು. ಅಡವಯ್ಯನ ಕಣ್ಣಲ್ಲಿ ನೀರೇ ಬಂತು. ಎರಡು ಬ್ಯಾಟರಿಯನ್ನೂ ಹೀಗೆ ನೋಡಿ, ಪ್ಲಸ್ಸು ಬಂದ ಗುಬುಟಿನ ಪಕ್ಕ ಒಂದೊಂದು ಚೆಂಡುಹೂವು ಇಟ್ಟ. “ಈಗ ಭಕ್ತಿ ಬಂತು ನೋಡು ನಿಂಗೆ,” ಎಂದು ದಾಕ್ಷಾಯಣಮ್ಮ ಮೆಚ್ಚಿಕೊಂಡರು. ಹೂವಿರುವ ಕಡೆಯಿಂದ ಹೂವಿಲ್ಲದ ಕಡೆಗೆ ತಂತಿ ಬಿಗಿದದ್ದಾಯಿತು. ಬಲ್ಬಿನ ತಂತಿ ತಾಗಿಸಿದ ಕೂಡಲೆ ದೀಪ ಉರಿಯಿತು. ಅಡವಯ್ಯ ಸಂತೋಷ ತಡೆಯಲಾರದೆ “ಹತ್ಕಂತು!” ಎಂದು ಎರಡೂ ಕೈ ಎತ್ತಿ ಹಾರಿದ. ಕೈಯಲ್ಲಿ ಸ್ಪ್ಯಾನರು ಇತ್ತು. ಬಲ್ಬು ಫಳಾರನೆ ಒಡೆಯಿತು.

ಹಬ್ಬದ ದಿನ ಯಾವ ಅಂಗಡಿ ತೆಗೆದಿರುತ್ತದೆ? ಅಡವಯ್ಯ ಗೋಡೆಗೆ ಒರಗಿ ಕುಸಿದು ಕೂತ. ಹೊತ್ತು ಇಳಿಯುತ್ತಿತ್ತು. ಅವನ ಮುಖ ನೋಡಿ ಬೊಮ್ಮಪ್ಪನಿಗೇ ಕರುಳು ಚುರುಕ್ಕೆಂದಿತು. “ಏಳ್ಲಾ, ಗಂಡ್ಸು ಇಂಗೆ ಕುಂತ್ಕಂತಾರಾ?” ಎಂದು ಬಸ್ಸಿನ ಶೆಡ್ಡಿಗೆ ಹೋಗಿ, ಕೆಟ್ಟು ನಿಂತ ಬಸ್ಸೊಂದರ ಹೆಡ್‌ಲೈಟನ್ನು ಅದರ ಹೊಳೆಯುವ ಬೋಗುಣಿಯ ಸಮೇತ ಬಿಚ್ಚಿಕೊಂಡು ಬಂದ. ಅದನ್ನು ನಡುಮನೆಯ ಕಂಬಕ್ಕೆ, ಕೂರುವ ಜಮಖಾನದ ಕಡೆ ಮುಖ ಮಾಡಿ ಕಟ್ಟಿದ್ದಾಯಿತು. ಒಂದು ತಂತಿ ಬಿಗಿದು, ಇನ್ನೊಂದರ ತುದಿಯನ್ನು ಕರೆಂಟು ಹೋದಾಗ ಸಿಕ್ಕಿಸೋಣವೆಂದು ಒಣ ಹಲಗೆಯ ಮೇಲೆ ಬೇರೆಯಾಗಿ ಇಟ್ಟ ಅಡವಯ್ಯ. ಉಡಲು ನೆಟ್ಟಗಿನ ಬಟ್ಟೆ ಇರಲಿಲ್ಲ. ಶಂಕರಲಿಂಗಪ್ಪನವರು ಪೆಟ್ಟಿಗೆಯಿಂದ ತಮ್ಮ ಕಚ್ಚೆಪಂಚೆ, ಮೊಣಕಾಲು ಮುಟ್ಟುವ ಕರಿ ಕೋಟು, ಹೆಗಲಿಗೊಂದು ಶಾಲು ತೆಗೆದುಕೊಟ್ಟರು. “ನನ್ನ ಷಷ್ಟಿಪೂರ್ತೀಲಿ ಹಾಕಿದ್ದು ಕಣಪ್ಪ, ಜೋಪಾನ,” ಎಂದರು.

ಸಂಜೆ ನಾಗಲಿಂಗಯ್ಯ ಹುಡುಗಿಯ ತಂದೆ ಬಸವಲಿಂಗಯ್ಯನವರನ್ನೂ ಅವರ ತಂಗಿ ಚನ್ನಮಲ್ಲಮ್ಮನನ್ನೂ ಕರೆದುಕೊಂಡು ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ದಾಕ್ಷಾಯಣಮ್ಮ ತಂದಿಟ್ಟ ಲಾಟೀನನ್ನು ನಾಗಲಿಂಗಯ್ಯ “ಹೊಗೆ ಬತ್ತೈತೆ” ಎಂದು ಬತ್ತಿ ಇಳಿಸಿ ಬಾಗಿಲ ಹೊರಗಿಟ್ಟ. ಬಟ್ಟೆ ಬದಲಿಸಿ ಒಳಗಿಂದ ಬಂದ ಅಡವಯ್ಯ ಬ್ಯಾಟರಿಯ ಕಡೆ ಹೊರಟರೆ, ನಾಗಲಿಂಗಯ್ಯ ರಟ್ಟೆ ಹಿಡಿದು ಜಮಖಾನದ ತುದಿಯಲ್ಲಿ ಕೂರಿಸಿಬಿಟ್ಟ.

“ನೀವೇ ಅಡುಗೆ ಮಾಡ್ಕಂತೀರಂತೆ?” ಎಂದು ಕತ್ತಲಲ್ಲಿ ಚನ್ನಮಲ್ಲಮ್ಮನ ದನಿ ಕೇಳಿತು.

“ಮಾಡ್ಕಂತೀನಿ ತಾಯಿ. ಸಾರು ಒಂದೊಂದಿನ ತಳ ಹಿಡೀತದೆ.”

ಆಕೆ ನಕ್ಕರು. “ನಮ್ಮ ಕಮಲಾಕ್ಷಿಗೆ ಓದೋ ಹುಚ್ಚು. ಮದುವೆ ಆದ್ಮೇಲೂ ಓದ್ತೀನಿ ಅಂತಾಳೆ.”

“ಓದ್ಲಿ ತಾಯಿ. ಅವರು ಓದ್ತಾ ಕೂತಿರ್ಲಿ, ಸಾರು ನಾನು ನೋಡ್ಕಂತೀನಿ. ಮನೇಲಿ ಮಾತಾಡೋಕೆ ಒಂದು ಜನ ಇದ್ರೆ ಸಾಕು ನಂಗೆ.”

“ಅಣ್ಣಾ, ಇನ್ನೇನು ಕೇಳೋದೈತೆ?” ಎಂದರು ಚನ್ನಮಲ್ಲಮ್ಮ. ಬಸವಲಿಂಗಯ್ಯನವರೂ ಗಂಟಲು ಸರಿಮಾಡಿಕೊಂಡು, “ನಾಗಲಿಂಗಯ್ಯ, ವೀಳ್ಯದ ತಟ್ಟೆ ತರ್ಸಿ,” ಎಂದರು.

ವೀಳ್ಯ! ಕತ್ತಲು! ಮತ್ತೆ ಅದೇ ಗಳಿಗೆ! ಅಡವಯ್ಯ ದಡಕ್ಕನೆ ಎದ್ದ. ನಾಗಲಿಂಗಯ್ಯ ಅವನ ಕೋಟಿನ ಚುಂಗು ಹಿಡಿದೆಳೆದ. “ಕೂತ್ಕಳಯ್ಯ, ಇರ್ಲಿ ಬುಡು, ಲಾಟೀನೈತಲ್ಲ.”

“ಒಂದೇ ನಿಮಿಷ ನಾಗಲಿಂಗಯ್ಯನೋರೇ,” ಎಂದು ಬಿಡಿಸಿಕೊಂಡು ಹೋಗಿ, ಚೆಂಡುಹೂವನ್ನು ತಡವಿ ನೋಡಿ, ತಂತಿ ಸಿಕ್ಕಿಸಿದ. ನಡುಮನೆಯಲ್ಲಿ ಹಾಡುಹಗಲಾಯಿತು. ಜಮಖಾನದ ಒಂದೊಂದು ಎಳೆಯೂ ಕಾಣುವಂಥ ಬೆಳಕು. ಬೀದಿಯಲ್ಲಿ ಹೋಗುವವರು ಬಸ್ಸೇ ಮನೆಯೊಳಗೆ ಬಂತೆಂದು ಕಿಟಕಿಯಲ್ಲಿ ಇಣುಕಿದರು. ಅಡವಯ್ಯ ಗೆದ್ದವನ ಹಾಗೆ ಬಂದು ಆ ಬೆಳಕಿನ ನಡುಮಧ್ಯೆ ಕೈಮುಗಿದು ನಿಂತ.

ಚನ್ನಮಲ್ಲಮ್ಮ ಕಣ್ಣು ಕಿರಿದು ಮಾಡಿಕೊಂಡು ಅವನನ್ನು ನೋಡಿದರು. ಆಮೇಲೆ ಅತ್ತ ಇತ್ತ ನೋಡಿದರು. “ಹುಡುಗ ಎಲ್ಲೋದ? ಈಗ್ಲೇ ಇಲ್ಲೇ ಕೂತಿದ್ನಲ್ಲ?” ಎಂದು, ಅಡವಯ್ಯನಿಗೆ ಗೌರವದಿಂದ ಕೈಮುಗಿದು ಕೇಳಿದರು, “ತಾವು ಹುಡುಗನಿಗೆ ದೊಡ್ಡಪ್ಪ ಆಗಬೇಕಾ?”

ನಾಗಲಿಂಗಯ್ಯ ಕಣ್ಣು ಮುಚ್ಚಿಕೊಂಡ. ಶಂಕರಲಿಂಗಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. “ದೊಡ್ಡಪ್ಪ ಯಾರು ತಾಯಿ? ಇವನೇ ನಮ್ಮ ಅಡವಯ್ಯ! ಚಿನ್ನದಂಥ ಮನುಷ್ಯ. ನಮ್ಮ ಮಿಲ್ಲಿಗೆ ಗುಮಾಸ್ತನಾಗಿ ಸೇರಿ ಇಪ್ಪತ್ತೆರಡು ವರ್ಷ ಆಯ್ತು, ಒಂದು ದಿನ ಸುಳ್ಳು ಹೇಳಿದವನಲ್ಲ.”

“ಇಪ್ಪತ್ತೆರಡು ವರ್ಷವಾ?” ಬಸವಲಿಂಗಯ್ಯನವರು ನಾಗಲಿಂಗಯ್ಯನ ಕಡೆ ತಿರುಗಿದರು. “ಹುಡುಗನಿಗೆ ವಯಸ್ಸೇ ಇಪ್ಪತ್ತೇಳು ಅಂದ್ರಲ್ರೀ? ಐದನೇ ವರ್ಷಕ್ಕೆ ಗುಮಾಸ್ತನಾದ್ನಾ?”

ದಾಕ್ಷಾಯಣಮ್ಮ “ಮೊದ್ಲು ಒಬ್ಬಟ್ಟು ತಿನ್ನಿ” ಎಂದು ಎಲೆ ಹಾಕಿಸಿದರು. ನಾಗಲಿಂಗಯ್ಯ ಅಡವಯ್ಯನನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

“ಹಾಳಾಗೋಯ್ತಲ್ಲೋ! ಯಾವೋನ್ ಹೇಳ್ದ ನಿಂಗೆ ದೀಪ ಹಚ್ಚು ಅಂತ?”

“ಕೊರಟಗೆರೆಯೋರು ಕತ್ತಲು ಅಪಶಕುನ ಅಂತ ಎದ್ದೋದ್ರಲ್ಲ ನಾಗಲಿಂಗಯ್ಯನೋರೇ? ಅದ್ಕೇ…”

“ಅಯ್ಯೋ ಶಿವನೇ! ಮುಖಕ್ಕೆ ಹೊಡ್ದಂಗೆ ಹೇಳಬಾರ್ದು ಅಂತ ಶಕುನದ ಮಾತಾಡಿದ್ರು ಕಣಯ್ಯ ಅವ್ರು. ಕತ್ತಲಿದ್ದಷ್ಟು ಹೊತ್ತೂ ಒಪ್ಕೊಂಡೇ ಇದ್ರು. ಎದ್ದೋಗಿದ್ದು ಕರೆಂಟು ಬಂದ್ಮೇಲೆ, ನಿನ್ ತಲೆ ನೋಡಿ! ಅದ್ಕೇ ಈ ಸಲ ನಾನು ಕರೆಂಟು ಹೋಗೋ ಹೊತ್ತೇ ಗೊತ್ತು ಮಾಡಿದ್ದು. ನೀನು ಬಸ್ಸಿನ ಲೈಟೇ ತಂದಿಟ್ಟೆ.”

ಅಡವಯ್ಯ ತಲೆಯ ಮೇಲೆ ಕೈಯಾಡಿಸಿಕೊಂಡ. ಮುಂದೆ ಬೋಳು, ಕಿವಿಯ ಹತ್ತಿರ ನರೆ. ಮೂವತ್ತೆಂಟು ವರ್ಷ ಅವನಿಗೆ. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಯಾರೂ ಅವನನ್ನು ಕೇಳಿರಲಿಲ್ಲ. ತುಂಬ ದುಃಖವಾಯಿತು. “ಈಗ ಓಡೋಗಿ ತಂತಿ ಕಿತ್ತಾಕ್ಲಾ?” ಎಂದ.

“ನೋಡಿದ್ದನ್ನ ಕಿತ್ತಾಕೋಕೆ ಆಗ್ತದಾ? ಸುಮ್ಕಿರು,” ಎಂದ ನಾಗಲಿಂಗಯ್ಯ.

ಹೊರಡುವಾಗ ಬಸವಲಿಂಗಯ್ಯನವರು ಬಾಗಿಲಲ್ಲಿ ಅಡವಯ್ಯನ ಎರಡೂ ಕೈ ಹಿಡಿದುಕೊಂಡರು. ಸುಟ್ಟ ಬೆರಳು ಚುರ್ ಎಂದಿತು, ಅವನು ತೋರಗೊಡಲಿಲ್ಲ. “ಬೇಜಾರು ಮಾಡ್ಕಬ್ಯಾಡಿ ಸ್ವಾಮಿ. ನಮ್ಮುಡುಗಿಗೆ ಇನ್ನೂ ಹದಿನೆಂಟು. ನಿಮ್ಮಂಥ ಗುಣ ಸಿಗೋದು ಕಷ್ಟ, ನಂಗೆ ಗೊತ್ತು,” ಎಂದರು. ಸ್ವಲ್ಪ ತಡೆದು, “ಒಂದು ಮಾತು. ಅವಳ ಮದುವೆ ಎಲ್ಲಿ ಗೊತ್ತಾದ್ರೂ ಚಪ್ಪರಕ್ಕೆ ಈ ದೀಪ ನಿಮ್ಮ ಕೈಲೇ ಹಾಕಿಸ್ಬೇಕು ಅಂತ ನಮ್ಮ ತಂಗಿ ಆಸೆ. ಬತ್ತೀರಾ?” ಎಂದು ಕೇಳಿದರು. ನಾಗಲಿಂಗಯ್ಯ ಆಗಲೇ ಅವರ ಹಿಂದೆ ನಿಂತು, ಬಡವನಹಳ್ಳಿಯಲ್ಲಿ ಇನ್ನೊಂದು ಗಂಡು ಇದೆಯೆಂದೂ, ಇಪ್ಪತ್ತೈದು ತುಂಬಿಲ್ಲವೆಂದೂ, ನಾಳೆ ಸಂಜೆಯೇ ನೋಡಿಬಿಡಬಹುದೆಂದೂ ಚನ್ನಮಲ್ಲಮ್ಮನಿಗೆ ಹೇಳುತ್ತಿದ್ದ.

“ಬತ್ತೀನಿ ಸ್ವಾಮಿ,” ಎಂದ ಅಡವಯ್ಯ. “ಎಲ್ಲಿದ್ರೂ ಬಂದು ಹಾಕ್ಕೊಡ್ತೀನಿ. ಗಂಡನ್ನ ಮಾತ್ರ ಮಧ್ಯಾಹ್ನದ ಹೊತ್ತು ನೋಡಿ.”